41 ಪಂದ್ಯ ಆಡಿದವನಿಗೆ ಎಷ್ಟು ಸಂಬಳ ಕಟ್ಟಬೇಕು?

ಕಾಟಾ ಗುಮಾಸ್ತ, ಗಂಗಾವತಿ:
ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವುದು ನನ್ನ ಕೆಲಸ. ಎರಡು ಲಾರಿಗಳ ನಡುವೆ ಕಾಟಾ ಕೋಣೆಯ ಕಂಪ್ಯೂಟರಿನಲ್ಲಿ ಬೇಸ್‌ಬಾಲ್ ನಡೆಯುತ್ತದೆ. ನಾವು ಆರು ಜನ ಗೆಳೆಯರು. ಹಳೆಯ ಸೀಸನ್‌ಗಳ ಅಮೆರಿಕನ್ ಆಟಗಾರರನ್ನು ಕೊಂಡು 162 ಪಂದ್ಯ ಆಡಿಸುತ್ತೇವೆ. ತಂಡಕ್ಕೆ ನೂರು ಕೋಟಿಯ ಥೈಲಿ. ಕಾಗದದ ಮೇಲಿನ ಕೋಟಿ, ಮನೆಯವರು ಗಾಬರಿಯಾಗಬೇಕಿಲ್ಲ.

ಆಯಾ ಸೀಸನ್ನಿನ ಒಟ್ಟು ರನ್, ಹೋಮ್ ರನ್ ನೋಡಿ ನಾನೇ ಸಂಬಳ ಕಟ್ಟಿದ್ದೆ. ಎಡವಿದ್ದು ಅಲ್ಲೇ. ಒಬ್ಬ ಗೆಳೆಯ 1957ರ ಮಿಲ್ವಾಕೀ ಬ್ರೇವ್ಸ್‌ನ ಬಾಬ್ ಹೇಜಲ್‌ನನ್ನು ಎರಡೇ ಕೋಟಿಗೆ ಎತ್ತಿಕೊಂಡ. ಹೇಜಲ್ ಆ ವರ್ಷ ಜುಲೈ ಕೊನೆಗೆ ಬಂದು ಆಡಿದ್ದು 41 ಪಂದ್ಯ. 134 ಅಟ್-ಬ್ಯಾಟ್ (ಲೆಕ್ಕಕ್ಕೆ ಹಿಡಿಯುವ ಬ್ಯಾಟಿಂಗ್ ಸರದಿ), ಸರಾಸರಿ .403, ಅಂದರೆ ಸಾವಿರ ಅಟ್-ಬ್ಯಾಟ್‌ಗೆ 403 ಹಿಟ್‌ನ ಲೆಕ್ಕ. ಕಂಪ್ಯೂಟರಿಗೆ ಕಾಣುವುದು ಸರಾಸರಿ ಮಾತ್ರ, ಹಾಗಾಗಿ ನಮ್ಮ ಲೀಗಿನಲ್ಲಿ ಅವನು ಮೊದಲ ಪಂದ್ಯದಿಂದಲೇ ದಿನವೂ ಬಾರಿಸುತ್ತಿದ್ದಾನೆ. ಈಗ ಬಳಕೆಗೆ ಮಿತಿ ಹಾಕಲೇ, ಸಂಬಳ ಏರಿಸಲೇ? ಎರಡನ್ನೂ ಮಾಡಿದರೆ ಒಂದೇ ತಪ್ಪಿಗೆ ಎರಡು ದಂಡವಾಗುವುದಿಲ್ಲವೇ?

ಬಿ ಶಿಫ್ಟ್, ಶಕ್ತಿನಗರ:
ಗುಮಾಸ್ತರೇ, ಭತ್ತ ಕೊಯ್ಯುವ ಯಂತ್ರಕ್ಕೆ ನಿಮ್ಮಲ್ಲಿ ಬಾಡಿಗೆ ಹೇಗೆ? ಗಂಟೆಗೆ ಇಷ್ಟು, ಓಡಿದ್ದು ಇಷ್ಟು ಗಂಟೆ. ಇಲ್ಲೂ ಅದೇ. ಒಂದು ಸರದಿಯ ದರವನ್ನು ಆಟದ ಗುಣ ನೋಡಿ ಕಟ್ಟಿ, ಅನುಮತಿ ಇರುವಷ್ಟು ಸರದಿಗಳಿಂದ ಗುಣಿಸಿ. ಆಗ ಮಿತಿ ದಂಡವಲ್ಲ, ಕೊಂಡ ಗಂಟೆಗಳು ಅಷ್ಟೇ.

ಒಂದು ಎಚ್ಚರಿಕೆ: ಅಟ್-ಬ್ಯಾಟ್ ಎಣಿಸಬೇಡಿ. 1941ರಲ್ಲಿ ಟೆಡ್ ವಿಲಿಯಮ್ಸ್‌ಗೆ 456 ಅಟ್-ಬ್ಯಾಟ್, ಸರಾಸರಿ .406. ಆದರೆ ಅಟ್-ಬ್ಯಾಟ್‌ಗೆ ಸೇರದ 147 ವಾಕ್ (ನಾಲ್ಕು ಕೆಟ್ಟ ಎಸೆತ ಬಿದ್ದು ಬಾರಿಸದೆಯೇ ಮೊದಲ ಬೇಸ್ ಸಿಗುವುದು), ಚೆಂಡು ಮೈಗೆ ತಗುಲಿದ್ದು ಎಲ್ಲ ಸೇರಿದರೆ ಅವನು ಬ್ಯಾಟ್ ಹಿಡಿದು ನಿಂತದ್ದು 606 ಸಲ. ನಿಮ್ಮ ಪಟ್ಟಿಯಲ್ಲಿ ಆ 147 ವಾಕ್, ವಿಲಿಯಮ್ಸ್‌ನನ್ನು ಕೊಂಡವನಿಗೆ ಪುಕ್ಕಟೆ.

ಮಾನ್ವಿ ಕೊನೆಭಾಗ:
ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಲ್ಲಿ ಗದ್ದೆ ಇರುವವನು ನಾನು; ಮೇಲಿನವರು ಮಿತಿ ಮೀರಿ ನೀರು ಎಳೆಯುವುದನ್ನು ಕಂಡವನು. ಕಾಗದದ ಮಿತಿಯನ್ನು ನಂಬುವುದಿಲ್ಲ. (ಗಂಗಾವತಿಯವರು ತಪ್ಪು ತಿಳಿಯಬಾರದು.) ಹೇಜಲ್‌ಗೆ 134ರ ಮಿತಿ ಹಾಕಿದರೆ ಅಷ್ಟನ್ನೂ ಕೊನೆಯ ತಿಂಗಳಿಗೆ ಕಾದಿಟ್ಟು ಸುರಿಯುತ್ತಾರೆ. 27 ಪಂದ್ಯಗಳ ಆರು ಕಂತು ಮಾಡಿ. ಒಂದು ಕಂತಿನಲ್ಲಿ ಉಳಿದದ್ದು ಮುಂದಿನದಕ್ಕೆ ಹೋಗಬಾರದು.

ಚೆಂಡೆಸೆಯುವ ಪಿಚರ್‌ಗಳ ಕಥೆ ಬೇರೆ. 1990ರ ಡೆನಿಸ್ ಎಕರ್ಸ್ಲಿ 73⅓ ಇನ್ನಿಂಗ್ಸ್ ಎಸೆದ, ಅರ್ನ್ಡ್ ರನ್ ಸರಾಸರಿ (ಒಂಬತ್ತು ಇನ್ನಿಂಗ್ಸ್‌ಗೆ ಅವನ ಲೆಕ್ಕಕ್ಕೆ ಬೀಳುವ ರನ್, ಕಡಿಮೆಯಾದಷ್ಟೂ ಒಳ್ಳೆಯದು) 0.61. ಅವನನ್ನು ಕೊಂಡವರು ಸೋಲುವ ಪಂದ್ಯಕ್ಕೆ ಇಳಿಸುತ್ತಾರೆಯೇ? ಒಂದೇ ರನ್ನಿನ ಮುನ್ನಡೆ, ಒಂಬತ್ತನೆಯ ಇನ್ನಿಂಗ್ಸ್, ಆಗಷ್ಟೇ ಬರುತ್ತಾನೆ. ಅಂಥವನ ದರ ಒಂದೂವರೆ ಪಟ್ಟು ಇರಲಿ. ಪಂದ್ಯಕ್ಕೆ ಒಂಬತ್ತರಂತೆ 162 ಪಂದ್ಯಕ್ಕೆ ಸುಮಾರು 1458 ಇನ್ನಿಂಗ್ಸ್ ಯಾರಾದರೂ ಎಸೆಯಲೇಬೇಕು. ಅಷ್ಟನ್ನು ಕೊಳ್ಳದ ತಂಡವನ್ನು ಸೀಸನ್ನಿಗೆ ಸೇರಿಸಬೇಡಿ.

ಕಾಟಾ ಗುಮಾಸ್ತ, ಗಂಗಾವತಿ:
ನಿನ್ನೆ ರಾತ್ರಿ ತೂಕದ ಚೀಟಿಗಳ ಹಿಂಬದಿಯಲ್ಲೇ ಹೊಸ ದರಪಟ್ಟಿ ಬರೆದೆ. ವಾಕ್ ಸೇರಿಸದೆ ಹೇಜಲ್‌ಗೆ ಕಂತಿಗೆ 22 ಅಟ್-ಬ್ಯಾಟ್ ಬಂತು. ‘ಐದಾರು ಪಂದ್ಯಕ್ಕೆ ಇವನನ್ನು ಸಾಕಬೇಕೇ?’ ಎಂದು ಗೆಳೆಯ ಮುಖ ಊದಿಸಿಕೊಂಡಿದ್ದಾನೆ. ಕೊಂಡಾಗ ಇಲ್ಲದ ನಿಯಮ ಎಂಬ ಅವನ ತಕರಾರು ನ್ಯಾಯವೇ. ಹಾಗಾಗಿ ಮುಂದಿನ ಸೀಸನ್ನಿನಿಂದ ಜಾರಿ. ಆದರೆ ಪಂದ್ಯ ಹದಿನೈದನೆಯ ಇನ್ನಿಂಗ್ಸ್‌ಗೆ ಹೋಗಿ, ಬೆಂಚಿನಲ್ಲಿ ಯಾರೂ ಇಲ್ಲದೆ ಮಿತಿ ದಾಟಿದರೆ?

ಬಿ ಶಿಫ್ಟ್, ಶಕ್ತಿನಗರ:
ಮಿತಿಗಿಂತ ನೂರಕ್ಕೆ ಐದರಷ್ಟು ಹೆಚ್ಚಾದರೆ ಬಿಟ್ಟುಬಿಡಿ. ಅದರಾಚೆಗೆ ಪ್ರತಿ ಸರದಿಗೂ ದುಪ್ಪಟ್ಟು ದರ, ಮುಂದಿನ ವರ್ಷದ ಥೈಲಿಯಿಂದ ಕಡಿತ.