ಹಳೇ ಮೇಲ್‌ಗಳು ತಾನಾಗೇ ಮಾಯ ಆಗ್ತಿವೆ, ನಿಲ್ಸೋದು ಹೇಗೆ?

ತೋಟದಮನೆ_ಮಾದಾಪುರ

ನಮಸ್ಕಾರ, ಜೀಮೇಲ್ ಬಗ್ಗೆ ಚೆನ್ನಾಗಿ ಗೊತ್ತಿರೋರು ಯಾರಾದ್ರೂ ಇದ್ರೆ ಸ್ವಲ್ಪ ದಾರಿ ತೋರ್ಸಿ. ನಮ್ಮ ತೋಟದ ವ್ಯವಹಾರ ಪೂರ್ತಿ ಅಪ್ಪನ ಹೆಸರಲ್ಲಿರೋ ಒಂದೇ ಜೀಮೇಲಲ್ಲಿ ನಡೆಯೋದು, ಕಾಫಿ ಸಂಸ್ಕರಿಸೋ ಕ್ಯೂರಿಂಗ್ ವರ್ಕ್ಸ್‌ನವರು ಕಳ್ಸೋ ಔಟ್‌ಟರ್ನ್ ರಿಪೋರ್ಟು (ಎಷ್ಟು ಕಾಫಿ ಬೀಜ ಸಿಕ್ತು ಅನ್ನೋ ಲೆಕ್ಕ), ಮೆಣಸು ತಗೊಂಡೋರ ಬಿಲ್ಲು, ಇನ್ಶೂರೆನ್ಸು, ಹೋಮ್‌ಸ್ಟೇ ಬುಕಿಂಗು ಎಲ್ಲಾ ಅದ್ರಲ್ಲೇ. ಮೊನ್ನೆ ಆಡಿಟರ್ ಒಂದು ಹಳೇ ಬಿಲ್ ಕೇಳಿದ್ರು ಅಂತ ಆಫೀಸ್ ಕಂಪ್ಯೂಟರಲ್ಲಿ ಹುಡುಕಿದ್ರೆ ಇನ್‌ಬಾಕ್ಸಲ್ಲಿ ಮೂರು ತಿಂಗ್ಳಿಗಿಂತ ಹಿಂದಿಂದು ಒಂದೂ ಇಲ್ಲ. ಫೋನಲ್ಲಿ ಕೆಳಗ್ಗೆ ಕೆಳಗ್ಗೆ ಎಳೆದು ನೋಡ್ದೆ, ಅಲ್ಲೂ ಅಷ್ಟೇ. ಟ್ರ್ಯಾಶ್ ಖಾಲಿ. ಅಪ್ಪನ್ನ ಕೇಳಿದ್ರೆ ನಾನು ಯಾವ್ದನ್ನೂ ಮುಟ್ಟಿಲ್ಲ ಅಂತಾರೆ, ಅವ್ರಿಗೆ ಡಿಲೀಟ್ ಬಟನ್ ಎಲ್ಲಿದೆ ಅಂತಾನೂ ಗೊತ್ತಿಲ್ಲ ಬಿಡಿ.

ಬಿಲ್ ಆದ್ರೆ ಇನ್ನೊಂದ್ಸಲ ತರ್ಸ್ಕೊಬಹುದು. 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ನಮ್ಮ ಬಾಣೆ (ಗದ್ದೆಗೆ ಸೇರಿದ ಗುಡ್ಡದ ಜಾಗ) ಕಡೆ ಗಿಡ ಸಮೇತ ಕೊಚ್ಕೊಂಡು ಹೋಗಿದ್ದ ಜಾಗದ ಫೋಟೋಗಳು, ಅರ್ಜಿ ಕೊಟ್ಟಿದ್ದು, ಅದಕ್ಕೆ ಬಂದ ಉತ್ತರ, ಇದೆಲ್ಲಾ ಮೇಲಲ್ಲೇ ಇದ್ದಿದ್ದು. ಹೋಗಿರೋದು ವಾಪಸ್ ಬರತ್ತಾ, ಇರೋದನ್ನ ಉಳ್ಸ್ಕೊಳ್ಳೋದು ಹೇಗೆ?

ವಿರಾಜಪೇಟೆ_ರೈಡರ್

ಬ್ರೋ ಸ್ಟೋರೇಜ್ ಫುಲ್ ಆಗಿರತ್ತೆ, 15 ಜೀಬಿ ಮುಗಿದ್ರೆ ಗೂಗಲ್ ಹಳೇದನ್ನ ತೆಗೆದು ಹೊಸದಕ್ಕೆ ಜಾಗ ಮಾಡತ್ತೆ. ಮುಖ್ಯವಾದ ಮೇಲ್‌ಗೆಲ್ಲಾ ಸ್ಟಾರ್ ಹಾಕ್ಬಿಡಿ, ಸ್ಟಾರ್ ಇರೋದು ಯಾವತ್ತೂ ಹೋಗಲ್ಲ.

ಕುಶಾಲನಗರ_ಸಿಸ್ಟಮ್ಸ್

ರೈಡರ್ ಅವ್ರೆ ಬೇಜಾರ್ ಮಾಡ್ಕೋಬೇಡಿ, ಎರಡೂ ತಪ್ಪು. ನಂಬ್ಕೊಂಡು ಯಾರಾದ್ರೂ ಸ್ಟಾರ್ ಹಾಕಿ ಸುಮ್ನೆ ಕೂತ್ರೆ ಕಷ್ಟ.

15 ಜೀಬಿ ಅನ್ನೋದು ಜೀಮೇಲು, ಡ್ರೈವು, ಫೋಟೋಸು ಮೂರೂ ಹಂಚ್ಕೊಳ್ಳೋ ಜಾಗ. ಅದು ತುಂಬಿದ್ರೆ ಹೊಸ ಮೇಲ್ ಬರೋದು, ಹೋಗೋದು ನಿಲ್ಲತ್ತೆ, ಹಳೇ ಮೇಲ್‌ನ ಒಂದೊಂದಾಗಿ ತೆಗ್ಯೋ ಪದ್ಧತಿ ಇಲ್ಲ. ಮಿತಿ ಮೀರಿದ್ದನ್ನ ಎರಡು ವರ್ಷ ಹಾಗೇ ಬಿಟ್ರೆ ಮಾತ್ರ ಅಳಿಸ್ಬಹುದು ಅಂತ ನಿಯಮ ಇದೆ. ಇನ್ನು ಸ್ಟಾರು, ಲೇಬಲ್ಲು ಇವೆಲ್ಲಾ ಬರೀ ಗುರುತು, ಬೀಗ ಅಲ್ಲ. ಸ್ಟಾರ್ ಇರೋ ಮೇಲ್ ಟ್ರ್ಯಾಶಿಗೆ ಬಿದ್ರೂ 30 ದಿನ ಆದ್ಮೇಲೆ ಹೋಗೋದೇ.

ಇನ್‌ಬಾಕ್ಸಲ್ಲಿರೋ ಮೇಲನ್ನ ಹಳೇದಾಯ್ತು ಅಂತ ಜೀಮೇಲ್ ತಾನಾಗಿ ಮುಟ್ಟಲ್ಲ, ಅದು ತಾನಾಗಿ ಖಾಲಿ ಮಾಡೋದು ಟ್ರ್ಯಾಶು ಮತ್ತೆ ಸ್ಪ್ಯಾಮ್ ಮಾತ್ರ. ಹಾಗಾಗಿ ಮಾದಾಪುರದವ್ರೇ, ನಿಮ್ಮಲ್ಲಿ ಬೇರೆ ಯಾರೋ ಅಥವಾ ಬೇರೆ ಏನೋ ತೆಗೀತಾ ಇದೆ. ಮೂರು ತಿಂಗ್ಳು ಅಂತ ಗೆರೆ ಎಳೆದ ಹಾಗೆ ಹೋಗಿದೆ ಅಂದ್ರೆ ಕೈಯಲ್ಲಿ ಅಳಿಸಿದ್ದಲ್ಲ, ಎಲ್ಲೋ ಒಂದು ಸೆಟ್ಟಿಂಗ್ ಕೂತಿದೆ. ಫಿಲ್ಟರ್ ಅಂತ ಅನ್ಸಲ್ಲ, ಫಿಲ್ಟರ್ ಕೆಲ್ಸ ಮಾಡೋದು ಮೇಲ್ ಬರೋ ಹೊತ್ತಲ್ಲಿ, ಮೂರು ತಿಂಗ್ಳು ಕಾದು ಅಲ್ಲ. ಆದ್ರೂ ಒಂದ್ಸಲ ಸೆಟ್ಟಿಂಗ್ಸಲ್ಲಿ ಫಿಲ್ಟರ್ಸ್ ಅಂಡ್ ಬ್ಲಾಕ್ಡ್ ಅಡ್ರೆಸಸ್ ನೋಡ್ಬಿಡಿ, ಫೋನ್ ಆ್ಯಪಲ್ಲಿ ಅದು ಕಾಣಲ್ಲ, ಕಂಪ್ಯೂಟರ್ ಬ್ರೌಸರಲ್ಲೇ ತೆಗೀಬೇಕು.

ಎರಡು ಪ್ರಶ್ನೆ. ಆಫೀಸ್ ಕಂಪ್ಯೂಟರಲ್ಲಿ ಮೇಲ್ ನೋಡೋದು ಬ್ರೌಸರಲ್ಲಾ, ಇಲ್ಲಾ ಔಟ್‌ಲುಕ್ ಥಂಡರ್‌ಬರ್ಡ್ ತರ ಪ್ರೋಗ್ರಾಮಲ್ಲಾ? ಅದನ್ನ ಹಾಕ್ಕೊಟ್ಟಿದ್ದು ಯಾರು?

ತೋಟದಮನೆ_ಮಾದಾಪುರ

ಥಂಡರ್‌ಬರ್ಡ್ ಸರ್. ತೋಟದ ಲೆಕ್ಕ ಬರೆಯೋಕೆ ಮುಂಚೆ ಇದ್ದ ರೈಟರ್ ಹಾಕಿದ್ದು, ಅವ್ರು ಈಗ ಕೆಲ್ಸ ಬಿಟ್ಟು ಊರಿಗೆ ಹೋದ್ರು. ಕಂಪ್ಯೂಟರ್ ಬಹಳ ಹಳೇದು, ಡಿಸ್ಕ್ ತುಂಬ್ಕೊಂಡು ಸ್ಲೋ ಆಗ್ತಿದೆ ಅಂತ ಅವ್ರು ಏನೋ ಕ್ಲೀನ್ ಮಾಡ್ತೀನಿ ಅಂದಿದ್ದು ನೆನಪಿದೆ.

ಕುಶಾಲನಗರ_ಸಿಸ್ಟಮ್ಸ್

ಹಾಂ, ಅಲ್ಲಿಗೆ ಬಂತು ನೋಡಿ. ಥಂಡರ್‌ಬರ್ಡಲ್ಲಿ ಅಕೌಂಟ್ ಸೆಟ್ಟಿಂಗ್ಸ್ ತೆಗೆದು ಸಿಂಕ್ರನೈಸೇಷನ್ ಅಂಡ್ ಸ್ಟೋರೇಜ್ ಅಂತ ಇರತ್ತೆ, ಅದಕ್ಕೆ ಹೋಗಿ. ಕೆಳಗಡೆ ಡಿಸ್ಕ್ ಜಾಗ ಉಳ್ಸಕ್ಕೆ ಇಷ್ಟು ದಿನಕ್ಕಿಂತ ಹಳೇ ಮೆಸೇಜ್ ಡಿಲೀಟ್ ಮಾಡು ಅನ್ನೋ ಆಯ್ಕೆ ಇದೆ, ನಿಮ್ಮ ರೈಟರ್ ಅಲ್ಲಿ 90 ಅಂತ ಹಾಕಿರ್ತಾರೆ. ಜನ ಅಂದ್ಕೊಳ್ಳೋದು ಇದು ಈ ಕಂಪ್ಯೂಟರಲ್ಲಿರೋ ಕಾಪಿ ಮಾತ್ರ ತೆಗ್ಯತ್ತೆ ಅಂತ, ಆದ್ರೆ ಸರ್ವರಲ್ಲಿರೋ ಮೂಲ ಮೇಲೂ ಹೋಗತ್ತೆ ಅಂತ ಅಲ್ಲೇ ಬರೆದಿರತ್ತೆ, ಓದೋರು ಯಾರು. ಮೊದ್ಲು ಅದನ್ನ ಡೋಂಟ್ ಡಿಲೀಟ್ ಎನಿ ಮೆಸೇಜಸ್ ಅಂತ ಬದಲಾಯಿಸಿ, ಆಮೇಲೆ ಮಿಕ್ಕಿದ್ದು. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸಲ್ಲೂ ಬೇರೆ ಬೇರೆ ಇರಬಹುದು, ಇನ್‌ಬಾಕ್ಸಿಂದೂ ಅಲ್ಲಿ ನೋಡ್ಕೊಳ್ಳಿ.

ಒಳ್ಳೇ ಸುದ್ದಿ ಏನಂದ್ರೆ ಟ್ರ್ಯಾಶ್ ಖಾಲಿ ಅಂದ್ರಲ್ಲ, ಅದು ಒಂದು ಲೆಕ್ಕಕ್ಕೆ ಒಳ್ಳೇದೇ. ಹೊರಗಿನ ಪ್ರೋಗ್ರಾಮ್ ಐಮ್ಯಾಪಲ್ಲಿ (ಸರ್ವರ್ ಜೊತೆ ಮೇಲ್ ಹೊಂದಿಸೋ ವಿಧಾನ) ಅಳಿಸಿದ್ದನ್ನ ಆರ್ಕೈವ್ ಮಾಡು ಅನ್ನೋದೇ ಜೀಮೇಲಿನ ಡೀಫಾಲ್ಟ್. ನಿಮ್ಮ ಪುಣ್ಯಕ್ಕೆ ಯಾರೂ ಅದನ್ನ ಬದಲಾಯಿಸಿಲ್ಲ ಅಂದ್ರೆ ಮೇಲ್‌ಗಳು ಇನ್‌ಬಾಕ್ಸ್ ಬಿಟ್ಟು ಆಲ್ ಮೇಲಲ್ಲಿ ಕೂತಿರ್ತವೆ. ಬ್ರೌಸರಲ್ಲಿ ಜೀಮೇಲ್ ತೆಗೆದು ಎಡಗಡೆ ಮೋರ್ ಒತ್ತಿ ಆಲ್ ಮೇಲ್ ನೋಡಿ.

ತೋಟದಮನೆ_ಮಾದಾಪುರ

ಸರ್ ಸಿಕ್ತು!! ಅದೇ 90, ಅದೇ ಜಾಗ. ನಿನ್ನೆ ರಾತ್ರಿ ಕರೆಂಟ್ ಇರ್ಲಿಲ್ಲ, ಇವತ್ತು ಬೆಳಿಗ್ಗೆ ಮೊದಲ ಕೆಲ್ಸ ಅದನ್ನೇ ಬದಲಾಯಿಸಿದೆ. ಆಲ್ ಮೇಲಲ್ಲಿ ರೋಬಸ್ಟಾ ಚೆರಿ ಬಿಲ್ಲಿಂದ ಹಿಡ್ದು ಎಷ್ಟೋ ವರ್ಷದ ಹಿಂದಿನ ಬುಕಿಂಗ್ ತನಕ ಎಲ್ಲಾ ಇದೆ. ಗುಡ್ಡ ಜರಿದ ಫೋಟೋ ಇದ್ದ ಮೇಲಲ್ಲಿ ಒಂದೆರಡು ಮಾತ್ರ ಕಾಣ್ತಿಲ್ಲ. ಈಗ ಇರೋದನ್ನೆಲ್ಲಾ ಪ್ರಿಂಟ್ ತೆಗೆದು ಫೈಲ್ ಮಾಡಿದ್ರೆ ಸಾಕಲ್ವಾ?

ಮಡಿಕೇರಿ_ಕೋರ್ಟ್‌ರೋಡ್

ಪ್ರಿಂಟ್ ಬೇಕಾದ್ರೆ ತೆಗೀರಿ, ಆದ್ರೆ ನಮ್ಮೂರ ಮಳೆಗಾಲಕ್ಕೆ ಬೀರುವಲ್ಲಿಟ್ಟ ಕಾಗದಕ್ಕೆ ಬೂಷ್ಟು ಹಿಡಿಯೋದನ್ನ ನಾನು ಹೇಳ್ಬೇಕಾಗಿಲ್ಲ. ಅದಕ್ಕಿಂತ ಮುಖ್ಯ, ಜಮೀನು ಪರಿಹಾರದ ವಿಷಯ ಅಂದ್ರೆ ನಾಳೆ ಎಲ್ಲಾದ್ರೂ ಹಾಜರು ಮಾಡ್ಬೇಕಾಗಿ ಬರಬಹುದು. ಪ್ರಿಂಟಲ್ಲಿ ಬರೀ ಅಕ್ಷರ ಉಳಿಯತ್ತೆ, ಮೇಲ್ ಯಾವ ಸರ್ವರಿಂದ ಯಾವಾಗ ಬಂತು ಅನ್ನೋ ಹೆಡರ್ ಇರಲ್ಲ. ಮೇಲ್ ತೆಗೆದು ಬಲಗಡೆ ಮೂರು ಚುಕ್ಕಿ ಒತ್ತಿ ಡೌನ್‌ಲೋಡ್ ಮೆಸೇಜ್ ಕೊಡಿ, ಇಎಂಎಲ್ ಫೈಲ್ ಬರತ್ತೆ, ಅಟ್ಯಾಚ್‌ಮೆಂಟ್ ಕೂಡ ಅದರೊಳಗೇ ಇರತ್ತೆ. ಆ ಫೈಲ್ ತಿದ್ದಬೇಡಿ, ಇದ್ದ ಹಾಗೇ ಇಡಿ. 2024ರ ಜುಲೈ 1ರಿಂದ ಸಾಕ್ಷ್ಯ ಕಾಯ್ದೆ ಬದಲಾಗಿದೆ, ಎಲೆಕ್ಟ್ರಾನಿಕ್ ದಾಖಲೆಗಿದ್ದ ಹಳೇ 65ಬಿ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಬಂದಿದೆ, ಅದರ ಸರ್ಟಿಫಿಕೇಟಲ್ಲಿ ಫೈಲಿನ ಹ್ಯಾಶ್ (ಫೈಲ್ ಬದಲಾಗಿಲ್ಲ ಅಂತ ತೋರ್ಸೋ ಬೆರಳಚ್ಚಿನಂಥ ಸಂಖ್ಯೆ) ಕೇಳ್ತಾರೆ. ಮೂಲ ಫೈಲ್ ಇಲ್ದೆ ಹ್ಯಾಶ್ ಎಲ್ಲಿಂದ ತರ್ತೀರ? ಕೇಸ್ ಆಗೇ ಆಗತ್ತೆ ಅಂತಲ್ಲ, ಕೈಲಿದ್ರೆ ಧೈರ್ಯ.

ಕಾಣದೇ ಇರೋ ಒಂದೆರಡಕ್ಕೆ ಕಳ್ಸಿದವ್ರನ್ನೇ ಕೇಳಿ, ಅಳಿಸಿಲ್ಲ ಅಂದ್ರೆ ಅವ್ರ ಸೆಂಟಲ್ಲಿ ಇರತ್ತೆ. ನೀವೇ ಕಳ್ಸಿದ್ದಾಗಿದ್ರೆ ತಗೊಂಡ ಆಫೀಸಲ್ಲಿ ಇರತ್ತೆ, ಅರ್ಜಿ ನಂಬರ್ ಹಿಡ್ಕೊಂಡು ಹೋಗಿ.

ಗೋಣಿಕೊಪ್ಪ_ಅಕ್ಕ

ಒಂದೊಂದೇ ಇಎಂಎಲ್ ತೆಗ್ಯೋದು ಹತ್ತಿಪ್ಪತ್ತಕ್ಕೆ ಸರಿ ತಮ್ಮ, ಪೂರ್ತಿ ಅಕೌಂಟಿಗೆ ಗೂಗಲ್ ಟೇಕೌಟ್ ಹಾಕು, ಅಕೌಂಟಿನ ಡೇಟಾ ಇಳಿಸ್ಕೊಳ್ಳೋ ಗೂಗಲ್‌ನದೇ ಸೌಲಭ್ಯ ಅದು. ನಮ್ಮ ಮನೇಲಿ ನೆಟ್‌ವರ್ಕ್ ಮರ ಬಿದ್ರೆ ಹೋಗತ್ತೆ ಗಾಳಿ ಬೀಸಿದ್ರೆ ಹೋಗತ್ತೆ, ಹಾಗಾಗಿ ನಾನು ಕಂಡ್ಕೊಂಡ ಉಪಾಯ ಹೇಳ್ತೀನಿ. ಮೊದ್ಲು ಜೀಮೇಲಲ್ಲಿ ಬೇಕಾದ ಮೇಲ್‌ಗಳಿಗೆ ಲೇಬಲ್ ಹಾಕು, ಕಾಫಿ, ಜಮೀನು, ಇನ್ಶೂರೆನ್ಸ್ ಅಂತ. ಆಮೇಲೆ ಟೇಕೌಟಲ್ಲಿ ಡಿಸೆಲೆಕ್ಟ್ ಆಲ್ ಮಾಡಿ ಮೇಲ್ ಒಂದಕ್ಕೇ ಟಿಕ್ ಹಾಕು, ಅಲ್ಲೇ ಆಲ್ ಮೇಲ್ ಡೇಟಾ ಅನ್ನೋ ಬಟನ್ ಒತ್ತಿದ್ರೆ ಲೇಬಲ್ ಆರ್ಸ್ಕೊಬಹುದು. ಹೋಮ್‌ಸ್ಟೇ ಜಾಹೀರಾತು, ಆಫರ್ ಮೇಲ್ ಎಲ್ಲಾ ಡೌನ್‌ಲೋಡ್ ಮಾಡ್ತಾ ಕೂತ್ರೆ ಡೇಟಾ ಮುಗಿಯತ್ತೆ ಅಷ್ಟೇ. ರೆಡಿ ಆದ್ಮೇಲೆ ಲಿಂಕ್ ಮೇಲಿಗೆ ಬರತ್ತೆ, ಒಂದು ವಾರದಲ್ಲಿ ಇಳಿಸ್ಕೊಬೇಕು, ಇಲ್ದಿದ್ರೆ ಲಿಂಕ್ ಸಾಯತ್ತೆ. ಮನೇಲಿ ನೆಟ್ ಇಲ್ಲ ಅಂದ್ರೆ ಪೇಟೆಗೆ ಹೋಗೋ ದಿನ ನೋಡ್ಕೊಂಡು ಹಾಕು.

ಬರೋದು ಎಂಬಾಕ್ಸ್ ಫೈಲು, ಮೇಲ್‌ಗಳೆಲ್ಲಾ ಒಟ್ಟಿಗೆ ಅದ್ರಲ್ಲೇ ಇರತ್ತೆ. ಅದನ್ನ ಡಬಲ್ ಕ್ಲಿಕ್ ಮಾಡಿದ್ರೆ ತೆರೆಯಲ್ಲ ಅಂತ ಗಾಬರಿ ಬೀಳ್ಬೇಡ, ಥಂಡರ್‌ಬರ್ಡಿಗೆ ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಅಂತ ಆ್ಯಡ್ಆನ್ ಹಾಕಿ ಲೋಕಲ್ ಫೋಲ್ಡರ್ಸ್ ಒಳಗೆ ತಂದ್ರೆ ಓದಬಹುದು.

ಇನ್ನೊಂದು, ಅಪ್ಪನ ಹೆಸರಲ್ಲಿರೋ ಅಕೌಂಟ್ ಅಂದೆ ಅಲ್ವಾ. ಎರಡು ವರ್ಷ ಯಾರೂ ಬಳಸದ ಗೂಗಲ್ ಅಕೌಂಟನ್ನ ಅಳಿಸೋ ನಿಯಮ ಇದೆ, 2023ರ ಡಿಸೆಂಬರಿಂದ ಜಾರಿ. ನಿಮ್ದು ದಿನಾ ಬಳಸ್ತೀರ, ತೊಂದ್ರೆ ಇಲ್ಲ. ನಮ್ಮ ಮಾವಂದು ಹಾಗಲ್ಲ, ಅವ್ರಿಗೆ ವಯಸ್ಸಾಯ್ತು, ಜಮ್ಮಾ ಜಾಗದ (ಕೊಡಗಲ್ಲಿ ವಂಶಪಾರಂಪರ್ಯವಾಗಿ ಬರೋ ಜಮೀನು) ಹಳೇ ಪತ್ರವ್ಯವಹಾರ ಸ್ಕ್ಯಾನ್ ಮಾಡಿ ಅವ್ರಿಗೆ ಅವ್ರೇ ಮೇಲ್ ಮಾಡ್ಕೊಂಡಿದ್ದಾರೆ, ಆಮೇಲೆ ಅಕೌಂಟ್ ತೆಗೆದೇ ನೋಡಿಲ್ಲ. ಅವ್ರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಹಾಕಿದ್ವಿ, ಇಷ್ಟು ತಿಂಗ್ಳು ಬಳಸ್ದಿದ್ರೆ ಡೇಟಾ ಇಂಥವ್ರಿಗೆ ಕೊಡು ಅಂತ ಮುಂಚೇನೇ ಬರೆದಿಡೋದು, 3 ತಿಂಗ್ಳಿಂದ 18 ತಿಂಗ್ಳ ತನಕ ಅವಧಿ, 10 ಜನರ ತನಕ ಸೇರಿಸ್ಬಹುದು. ಮಾವ ಮಾತ್ರ ಹತ್ತು ಜನ ಯಾಕಮ್ಮ, ಜಗಳ ಆಡಕ್ಕಾ ಅಂದ್ರು.

ವಿರಾಜಪೇಟೆ_ರೈಡರ್

ಅಜ್ಜ ಸೂಪರ್ 😂 ಸ್ಟಾರ್ ವಿಷಯ ನಂಗೂ ಗೊತ್ತಿರ್ಲಿಲ್ಲ, ನಮ್ಮ ಅಂಗಡಿ ಜೀಎಸ್‌ಟಿ ಮೇಲ್ ಎಲ್ಲಾ ಸ್ಟಾರ್ ನಂಬ್ಕೊಂಡೇ ಇದೆ.

ತೋಟದಮನೆ_ಮಾದಾಪುರ

ಎಲ್ಲರಿಗೂ ಥ್ಯಾಂಕ್ಸ್, ಅಕ್ಕ ಹೇಳಿದ ಹಾಗೆ ಲೇಬಲ್ ಹಾಕಕ್ಕೆ ಶುರು ಮಾಡಿದೀನಿ. ಕೊನೇ ಪ್ರಶ್ನೆ, ಅಕೌಂಟ್ 13 ಜೀಬಿ ದಾಟಿದೆ. ಟೇಕೌಟ್ ಇಳಿಸ್ಕೊಂಡ ಮೇಲೆ ಜೀಮೇಲಿಂದ ಹಳೇದು ತೆಗೆದ್ರೆ ಪರ್ವಾಗಿಲ್ವಾ?

ಕುಶಾಲನಗರ_ಸಿಸ್ಟಮ್ಸ್

ಹಳೇದು ಅಂತ ನೋಡಿ ತೆಗೀಬೇಡಿ, ಭಾರ ನೋಡಿ ತೆಗೀರಿ. ಸರ್ಚಲ್ಲಿ ಇಂಗ್ಲಿಷಲ್ಲಿ ಲಾರ್ಜರ್ ಅಂತ ಬರೆದು ಕೋಲನ್ ಹಾಕಿ 10ಎಂ ಕೊಡಿ, ನಡುವೆ ಸ್ಪೇಸ್ ಬೇಡ. 10 ಎಂಬಿಗಿಂತ ದೊಡ್ಡವು ಮಾತ್ರ ಬರ್ತವೆ, ಗೆಸ್ಟ್‌ಗಳು ಕಳ್ಸಿರೋ ಫೋಟೋ ವಿಡಿಯೋ ನಾಲ್ಕು ತೆಗೆದ್ರೆ ಬಿಲ್ಲುಗಳು ಸಾವಿರ ಇದ್ರೂ ಜಾಗ ಸಾಕಾಗತ್ತೆ. ಟ್ರ್ಯಾಶ್ ಖಾಲಿ ಮಾಡೋ ತನಕ ಲೆಕ್ಕದಲ್ಲಿ ಜಾಗ ಬಿಡುಗಡೆ ಆಗಲ್ಲ.

ಒಂದು ಕೆಲ್ಸ ಮಾತ್ರ ತಪ್ಪಿಸ್ಬೇಡಿ, ಎಂಬಾಕ್ಸ್ ಫೈಲನ್ನ ಬೇರೆ ಕಂಪ್ಯೂಟರಲ್ಲಿ ತೆರೆದು ಜಮೀನಿನ ಮೇಲ್ ಅಟ್ಯಾಚ್‌ಮೆಂಟ್ ಸಮೇತ ಓದಕ್ಕೆ ಬರತ್ತಾ ನೋಡಿ. ಬಂದ್ಮೇಲೆ ಇನ್ನೊಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ ಕುಶಾಲನಗರದಲ್ಲೋ ಮೈಸೂರಲ್ಲೋ ಇರೋ ನೆಂಟರ ಮನೇಲಿ ಇಡಿ. ಅಲ್ಲಿ ತನಕ ಜೀಮೇಲಲ್ಲಿ ಯಾವ್ದನ್ನೂ ಅಳಿಸ್ಬೇಡಿ. ಆ ಹಳೇ ಆಫೀಸ್ ಕಂಪ್ಯೂಟರ್ ಡಿಸ್ಕ್ ತುಂಬಿದ್ರೆ ಥಂಡರ್‌ಬರ್ಡಲ್ಲಿ ಕೀಪ್ ಮೆಸೇಜಸ್ ಆನ್ ದಿಸ್ ಕಂಪ್ಯೂಟರ್ ಅನ್ನೋ ಟಿಕ್ ತೆಗೀಬಹುದು, ಸರ್ವರ್ ಮೇಲ್‌ಗೆ ಏನೂ ಆಗಲ್ಲ.