ಶೂಬಿಲ್‌ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ಜೊಂಡು, ಜಾಲಿಸು

ಗೆಳೆಯರೇ,

ಉಗಾಂಡದ ಮಬಾಂಬಾ ಜೌಗಿನಲ್ಲಿ ತೆಗೆದ ಹಕ್ಕಿಚಿತ್ರಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ. ಹೆಚ್ಚಿನವಕ್ಕೆ ತೊಂದರೆಯಿಲ್ಲ. ಅಲ್ಲಿನ ಜಕಾನ ನಮ್ಮ ದೇವನಕ್ಕಿಯ ಬಳಗದ್ದೇ; ಎಲೆಗಳ ಮೇಲೆ ನಡೆಯುವ ಅದೇ ಉದ್ದುದ್ದ ಬೆರಳು. ‘ಆಫ್ರಿಕಾದ ದೇವನಕ್ಕಿ’ ಅಂದರೆ ಮುಗಿಯಿತು. ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿಗಳೂ ಹಾಗೇ. ಪೇಚಾಟವೆಲ್ಲ ಶೂಬಿಲ್, ಅಂದರೆ ಬೂಟಿನಂಥ ಕೊಕ್ಕಿನ ದೊಡ್ಡ ನೀರುಹಕ್ಕಿಯದು. ಮಬಾಂಬಾಗೆ ಜನ ಹೋಗುವುದೇ ಅದನ್ನು ನೋಡೋಕೆ.

ಎಂಟೆಬೆ ಹತ್ತಿರ, ವಿಕ್ಟೋರಿಯಾ ಸರೋವರದ ಅಂಚಿನಲ್ಲಿದೆ ಈ ಜೌಗು. 2006ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ. ಜೊಂಡಿನ ನಡುವಿನ ಸಣ್ಣ ಕಾಲುವೆಗಳಲ್ಲಿ ದೋಣಿಯಲ್ಲೇ ಹೋಗಬೇಕು. ಶೂಬಿಲ್ ಬೂದು ನೀಲಿ, ನಾಲ್ಕು ಅಡಿ ಆಸುಪಾಸು ಎತ್ತರ. ಕೊಕ್ಕು ಮಾತ್ರ ವಿಚಿತ್ರ: ಅಗಲ, ದಪ್ಪ, ಮೇಲೆ ಕಲೆಕಲೆ, ತುದಿಯಲ್ಲಿ ಚೂಪು ಕೊಕ್ಕೆ. ಅರಬ್ಬಿಯಲ್ಲೂ ಇದು ‘ಅಬು ಮರ್ಕೂಬ್’, ಅಂದರೆ ಜೋಡಿನಪ್ಪ. ಹಾಗಾಗಿ ಪಾದರಕ್ಷೆ ಹೋಲಿಕೆ ಇಂಗ್ಲಿಷಿನವರದ್ದು ಮಾತ್ರ ಅಲ್ಲ. ನಾವೂ ಅದನ್ನೇ ಹಿಡಿಯಬಹುದು, ಅಲ್ವಾ?

ಆದರೆ ಯಾವ ಪಾದರಕ್ಷೆ? ‘ಚಪ್ಪಲಿಗೊಕ್ಕು’ ಅಂದರೆ ಚಪ್ಪಟೆ ಕೊಕ್ಕು ಕಣ್ಣಿಗೆ ಬರುತ್ತದೆ. ಇದು ಚಪ್ಪಟೆ ಅಲ್ಲವೇ ಅಲ್ಲ. ‘ಕೆರಗೊಕ್ಕು’ ಬಾಯಿಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ಕೆರ ಅಂದ ಕೂಡಲೇ ಬೈಗುಳ ನೆನಪಾಗುವವರೇ ಜಾಸ್ತಿ. ಮರದ ಪಾದರಕ್ಷೆಯೇ ಬೇಕೆಂದರೆ ‘ಹಾವುಗೆ’ ಇದೆ. ಅದನ್ನು ಕೇಳಿದವರಿಗೆ ಮೊದಲು ಹೊಳೆಯುವುದು ಹಾವು. ಸಾಲದ್ದಕ್ಕೆ ‘ಹಾವಕ್ಕಿ’ ಅಂತ ಬೇರೊಂದು ನೀರುಹಕ್ಕಿ ಆಗಲೇ ಇದೆ. ನನ್ನ ಒಲವು ‘ಜೋಡುಗೊಕ್ಕಿನ ಕೊಕ್ಕರೆ’ ಕಡೆಗೆ. ಇಲ್ಲೂ ಒಂದು ತೊಡಕು: ಜೋಡು ಅಂದರೆ ಎರಡು ಅಂತಲೂ ಆಗುತ್ತದೆ. ಎರಡು ಕೊಕ್ಕಿನ ಹಕ್ಕಿ ಅಂದುಕೊಂಡಾರು!

ಇನ್ನು ‘ಕೊಕ್ಕರೆ’ ಮಾತು. ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಗೂಲ್ಡ್ 1850ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. ಬಹಳ ಕಾಲ ಇದನ್ನು ಸ್ಟಾರ್ಕ್‌ಗಳ, ಅಂದರೆ ಕೊಕ್ಕರೆಗಳ ಜೊತೆ ಎಣಿಸುತ್ತಿದ್ದರು. ಡಿಎನ್ಎ ನೋಡಿದ ಮೇಲೆ ಹೆಜ್ಜಾರ್ಲೆಗೇ (ಪೆಲಿಕನ್) ಹತ್ತಿರ ಅಂತಾಯಿತು. ಹಾಗಂತ ಕೊಕ್ಕರೆ ಅನ್ನಬಾರದು ಎಂದು ಒಬ್ಬ ಹಕ್ಕಿಪ್ರೇಮಿ ಮಿತ್ರರು ಹಟ ಹಿಡಿದಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಉದ್ದ ಕಾಲಿನ ನೀರುಹಕ್ಕಿ ಕಂಡರೆ ನಮ್ಮ ಜನ ಕೊಕ್ಕರೆ ಅಂದುಬಿಡುತ್ತಾರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೋದರೆ ಹೆಜ್ಜಾರ್ಲೆಯೂ ಇದೆ, ಬಣ್ಣದ ಕೊಕ್ಕರೆಯೂ ಇದೆ. ಊರಿನ ಹೆಸರು ಎರಡನ್ನೂ ಹೊತ್ತುಕೊಂಡಿಲ್ಲವೇ?

ಆ ಜೌಗಿನ ತುಂಬ ಬೆಳೆಯುವ ಪಪೈರಸ್ ಗಿಡಕ್ಕೆ ಸದ್ಯ ‘ಜೊಂಡು’ ಅಂತ ಬರೆದಿದ್ದೇನೆ. ಗಿಡದ ಕುಲ ನೋಡಿದರೆ ‘ಜೇಕು’ ಸರಿ. ಗದ್ದೆಯಲ್ಲಿ ಕಿತ್ತು ಸಾಕಾಗುವ ಜೇಕು ಇದರದೇ ಕುಲದ್ದು. ಆದರೆ ಆಳೆತ್ತರ ಮೀರಿ ಬೆಳೆಯುವ ಗಿಡಕ್ಕೆ ಜೇಕು ಅಂದರೆ ಯಾರು ನಂಬುತ್ತಾರೆ? ಕ್ಯಾಮೆರಾದ ಫೋಕಸ್ಸೂ ಹಕ್ಕಿ ಬಿಟ್ಟು ಆ ಕಡ್ಡಿಗೇ ಹೋಗಿ ಕೂರುತ್ತಿತ್ತು.

ಅಲುಗಾಡದೆ ನಿಂತ ಚಿತ್ರಕ್ಕೆ ‘ಬಕಧ್ಯಾನ’ ಅಂತ ಬರೆದು ಅಳಿಸಿದೆ. ನಮ್ಮಲ್ಲಿ ಆ ಮಾತಿಗೆ ಕಪಟದ ವಾಸನೆ ಇದೆ. ಈ ಹಕ್ಕಿ ಸುಮ್ನೆ ಕಾಯುತ್ತದೆ ಅಷ್ಟೇ. ಆ ನೀರಿನಲ್ಲಿ ಆಮ್ಲಜನಕ ಕಡಿಮೆ. ಶ್ವಾಸಕೋಶವಿರುವ ಲಂಗ್‌ಫಿಶ್ ಉಸಿರಿಗೆ ಮೇಲೆ ಬರಲೇಬೇಕು. ಬಂದ ಕ್ಷಣ ಶೂಬಿಲ್ ಇಡೀ ಮೈ ಮುಂದಕ್ಕೆ ಬಿಟ್ಟು ಅದರ ಮೇಲೆ ಬೀಳುತ್ತದೆ. ಮೀನಿನ ಜೊತೆ ಬಾಯ್ತುಂಬ ಕಳೆಯೂ ಬರುತ್ತದೆ. ಆಮೇಲೆ ತಲೆಯನ್ನು ಅತ್ತಿತ್ತ ಆಡಿಸಿ, ಮೀನನ್ನು ಮಾತ್ರ ಉಳಿಸಿಕೊಂಡು ಕಳೆಯನ್ನು ಕೊಕ್ಕಿನ ಅಂಚಿನಿಂದ ಜಾರಿಸಿಬಿಡುತ್ತದೆ.

ಈ ಕೊನೆಯ ಕೆಲಸಕ್ಕೆ ಒಂದು ಕ್ರಿಯಾಪದ ಬೇಕು. ‘ಕೊಡವು’, ‘ಒದರು’ ಅಂದರೆ ಎಲ್ಲವೂ ಬಿದ್ದುಹೋದ ಹಾಗೆ. ಅಕ್ಕಿಯಲ್ಲಿ ಕಲ್ಲು ಬೇರೆ ಮಾಡುವಾಗ ‘ಜಾಲಿಸು’ ಅನ್ನುತ್ತೇವಲ್ಲ, ಅದು ನಡೆದೀತೇ? ಅಥವಾ ಜಾಲಿಸಲು ನೀರು ಇರಲೇಬೇಕೇ? ಮೀನು ಹಿಡಿಯುವವರು ಬಲೆಯಿಂದ ಕಸ ಬಿಡಿಸುವುದಕ್ಕೆ ಕರಾವಳಿಯಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ‘ಹಾವುಗೆ’ ಇನ್ನೂ ಯಾರ ಮನೆಯಲ್ಲಾದರೂ ಬಳಕೆಯಲ್ಲಿದ್ದರೆ ಅದನ್ನೂ ಹೇಳಿ. ಇದ್ದರೆ ‘ಜೋಡು’ ಬಿಟ್ಟು ಅದನ್ನೇ ಹಾಕುತ್ತೇನೆ.