ಮಿಲ್ವಾಕಿ ನದಿಯಲ್ಲಿ ಪೆಡಲ್ ಬೋಟ್ ಪಾರ್ಟಿ, ಅಪ್ಪ ಅಮ್ಮನನ್ನೂ ಕರ್ಕೊಂಡು ಹೋಗ್ಬಹುದಾ?

ಬದಿಯಡ್ಕದವ:

ಎಲ್ಲರಿಗೂ ನಮಸ್ಕಾರ. ಅಣ್ಣ ಇರುವುದು ಅಮೆರಿಕದ ಮಿಲ್ವಾಕಿಯಲ್ಲಿ. ಬರುವ ಜೂನ್‌ನಲ್ಲಿ ಅಪ್ಪ, ಅಮ್ಮ, ನಾನು, ಹೆಂಡತಿ ಎಲ್ಲ ಅಲ್ಲಿಗೆ ಹೋಗುವುದುಂಟು, ಅದೇ ಸಮಯಕ್ಕೆ ಅವನಿಗೆ ನಲ್ವತ್ತು ತುಂಬ್ತದೆ. ಊರ ನಡುವಿನ ನದಿಯಲ್ಲಿ ಪೆಡಲ್ ಬೋಟ್ ಅಂತ ಉಂಟಂತೆ, ಅದನ್ನು ಪೂರ್ತಿ ನಮಗೇ ಅಂತ ಬುಕ್ ಮಾಡ್ತೇನೆ ಅಂತಿದ್ದಾನೆ. ಫೋಟೋ ಕಳಿಸಿದ್ದ, ನಡುವೆ ಉದ್ದಕ್ಕೆ ಒಂದು ಮೇಜು, ಎರಡೂ ಬದಿ ಸೈಕಲ್ ಸೀಟು, ಮೇಲೆ ಮಾಡು, ಕೂತವರು ತುಳಿದ್ರೆ ಹಿಂದಿನ ಚಕ್ರ ತಿರುಗಿ ಬೋಟ್ ಮುಂದೆ ಹೋಗುವುದು. ಡ್ರಿಂಕ್ಸ್ ನಾವೇ ತಕೊಂಡು ಹೋಗ್ಬೇಕಂತೆ.

ನನ್ನ ತಲೆಬಿಸಿ ಎಂತ ಅಂದ್ರೆ, ಅಪ್ಪ ಕುಡಿಯುವುದಿಲ್ಲ, ಅಮ್ಮನಿಗೆ ಮೊಣಕಾಲು ನೋವು, ಅಣ್ಣನ ಮಕ್ಕಳಿಬ್ಬರು ಸಣ್ಣವು (ಆರು ವರ್ಷ, ಒಂಬತ್ತು ವರ್ಷ), ಉಳಿದವರು ಅವನ ಆಫೀಸಿನ ಫ್ರೆಂಡ್ಸ್, ಒಟ್ಟು ಹದಿನೈದು ಜನ ಆಗ್ತಾರೆ. ತುಳಿಯಲಿಕ್ಕೆ ಆಗದವರು ಎಂತ ಮಾಡುವುದು? ಕುಡಿದವರು ತುಳಿಯುವ ಬೋಟಲ್ಲಿ ಅಪ್ಪ ಅಮ್ಮನನ್ನು ಕೂರಿಸುವುದು ಸರಿಯಾ? ಸೇಫಾ? ಹೋಗಿ ಬಂದವರು ಯಾರಾದ್ರೂ ಇದ್ರೆ ಹೇಳಿ. ಇನ್ನೊಂದು, ನಮ್ಮ ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ ಇಂಥದ್ದು ಮಾಡ್ಲಿಕ್ಕೆ ಆಗ್ತದಾ ಅಂತಲೂ ತಲೆಯಲ್ಲಿ ಬಂತು, ಗೊತ್ತಿದ್ದವರು ಅದನ್ನೂ ಹೇಳಿ.

ಕುಂಬಳೆ ಟು ಚಿಕಾಗೋ:

ಮಾರಾಯ್ರೆ, ಖಂಡಿತ ಕರ್ಕೊಂಡು ಹೋಗಿ. ನಾನು ಇರುವುದು ಚಿಕಾಗೋ ಹತ್ರ, ಮಿಲ್ವಾಕಿ ಇಲ್ಲಿಂದ ಒಂದೂವರೆ ಗಂಟೆ ದಾರಿ, ಆ ನದಿಯಲ್ಲೇ ಆಫೀಸಿನವರ ಜೊತೆ ಹೋಗಿದ್ದೇನೆ.

ಮೊದಲು ತುಳಿಯುವ ವಿಷಯ. ಎಲ್ಲರೂ ತುಳಿಯಲೇಬೇಕು ಅಂತ ಇಲ್ಲ. ನಾವು ಹೋದ ಬೋಟಲ್ಲಿ ಬದಿಯಲ್ಲಿ ಪೆಡಲ್ ಇರುವ ಸೀಟು, ಹಿಂದೆ ಪೆಡಲ್ ಇಲ್ಲದ ಒಂದು ಬೆಂಚ್ ಇತ್ತು, ಅಮ್ಮನಿಗೆ ಅಂಥದ್ದೇ ಆಗ್ಬೇಕು. ಪೆಡಲ್ ಸೀಟು ಬಾರ್ ಸ್ಟೂಲಿನಷ್ಟು ಎತ್ತರ, ಹತ್ತುವಾಗ ಒಂದು ಕಾಲು ಮೇಲೆತ್ತಿ ಆ ಕಡೆ ಹಾಕ್ಬೇಕು, ಮೊಣಕಾಲು ನೋವಿದ್ದವರಿಗೆ ತುಳಿಯುವುದಕ್ಕಿಂತ ಆ ಹತ್ತಿ ಇಳಿಯುವುದೇ ಕಷ್ಟ. ದಡದಿಂದ ಬೋಟಿಗೆ ಕಾಲಿಡುವಲ್ಲಿಯೂ ಹಾಗೆ, ಕ್ಯಾಪ್ಟನ್ ಹತ್ರ ಮೊದಲೇ ಹೇಳಿದ್ರೆ ಅವರೇ ಕೈ ಹಿಡಿದು ಇಳಿಸ್ತಾರೆ. ತುಳಿಯುವವರು ಸುಸ್ತಾದ್ರೂ ಬೋಟ್ ನಿಲ್ಲುವುದಿಲ್ಲ, ಒಳಗೆ ಮೋಟರ್ ಉಂಟು. ನಿಜ ಹೇಳ್ಬೇಕಾದ್ರೆ ಗಾಳಿ ಎದುರಿದ್ದಾಗ ಮೋಟರೇ ಕೆಲಸ ಮಾಡುವುದು. ಆದ್ರೂ ಎಲ್ಲರೂ ಒಂದೇ ತಾಳಕ್ಕೆ ತುಳಿದಾಗ ಹಿಂದಿನ ಹಲಗೆಗಳು ನೀರಿಗೆ ಪಟ ಪಟ ಬಡಿಯುವ ಸದ್ದು ಕೇಳ್ತದಲ್ಲ, ಮಾತಾಡ್ತಾ ಕಾಲು ನಿಧಾನ ಆದ ಕೂಡ್ಲೆ ಆ ಸದ್ದೂ ಇಳಿಯುತ್ತದೆ, ಆಗ ಯಾರಾದ್ರೂ ಒಬ್ಬರು ಕೂಗುವುದು, ಮತ್ತೆ ಶುರು. ನಲ್ವತ್ತನೇ ಹುಟ್ಟುಹಬ್ಬಕ್ಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಹೋಟೆಲಲ್ಲಾದ್ರೆ ದೊಡ್ಡವರು ಒಂದು ಮೂಲೆ, ಹುಡುಗರು ಒಂದು ಮೂಲೆ, ಇಲ್ಲಿ ಎಲ್ಲರೂ ಒಂದೇ ಮೇಜಿನ ಸುತ್ತ ಎದುರುಬದುರು.

ನೋಡ್ಲಿಕ್ಕೂ ಬೇಕಾದಷ್ಟುಂಟು. ಊರೊಳಗೆ ಮಿಲ್ವಾಕಿ, ಮೆನೋಮಿನಿ, ಕಿನಿಕಿನಿಕ್ ಅಂತ ಮೂರು ನದಿ ಸೇರಿ ಮಿಶಿಗನ್ ಸರೋವರಕ್ಕೆ ಹೋಗುವುದು. ದಡದಲ್ಲಿ ಉದ್ದಕ್ಕೆ ರಿವರ್‌ವಾಕ್ ಅಂತ ನಡೆಯುವ ದಾರಿ, ಹಳೇ ಗೋಡೌನ್‌ಗಳೆಲ್ಲ ಈಗ ಅಪಾರ್ಟ್‌ಮೆಂಟು, ಹೋಟೆಲು. ದೊಡ್ಡ ಬೋಟ್ ಬಂದ್ರೆ ಮೇಲೆ ಏಳುವ ಸೇತುವೆಗಳುಂಟು, ಪೆಡಲ್ ಬೋಟ್ ಗಿಡ್ಡ ಆದ ಕಾರಣ ಅಡಿಯಿಂದಲೇ ಹೋಗ್ತದೆ. ಪ್ಯಾಬ್ಸ್ಟ್, ಶ್ಲಿಟ್ಜ್, ಮಿಲ್ಲರ್ ಎಲ್ಲ ಅದೇ ಊರಲ್ಲಿ ಶುರುವಾದ ಬಿಯರ್ ಕಂಪೆನಿಗಳು, ಜರ್ಮನಿಯಿಂದ ಬಂದವರು ಕಟ್ಟಿದ್ದು, ಹಾಗಾಗಿ ಅಲ್ಲಿ ನದಿ ಮತ್ತು ಬಿಯರ್ ಎರಡೂ ಜೊತೆಗೇ ಬೆಳೆದದ್ದು. ಬೋಟ್ ಸರೋವರಕ್ಕೆ ಹೋಗುವುದಿಲ್ಲ, ನದಿಯಲ್ಲೇ ತಿರುಗಿ ಬರುವುದು, ಸ್ಪೀಡ್ ಜೋರಾಗಿ ನಡೆದಷ್ಟು ಅಷ್ಟೆ.

ತಳಂಗರೆ ಅಕ್ಕ:

ಮಗಳ ಮನೆಗೆ ಹೋದಾಗ ನನ್ನನ್ನೂ ಇಂಥದ್ದಕ್ಕೆ ಕರ್ಕೊಂಡು ಹೋಗಿದ್ರು, ಊರು ಬೇರೆ, ಬೋಟ್ ಅದೇ ಥರದ್ದು. ನಾನು ಕುಡಿಯುವವಳಲ್ಲ, ನನಗೆ ಯಾವ ಮುಜುಗರವೂ ಆಗ್ಲಿಲ್ಲ. ಪ್ರೈವೇಟ್ ತಕೊಳ್ಳುವುದು ಒಳ್ಳೇದು ಅಂತ ನಾನು ಹೇಳುವುದು ಇದಕ್ಕೇ. ಟಿಕೆಟ್ ತಕೊಂಡು ಹತ್ತುವ ಬೋಟಲ್ಲಿ ಪಕ್ಕದಲ್ಲಿ ಯಾರು, ಎಷ್ಟು ಕುಡಿದು ಬಂದಿದ್ದಾರೆ, ಎಂಥ ಹಾಡು ಹಾಕ್ತಾರೆ ಒಂದೂ ಗೊತ್ತಿರುವುದಿಲ್ಲ. ಪೂರ್ತಿ ನಿಮ್ಮದಾದ್ರೆ ಎಷ್ಟು ಕ್ಯಾನ್ ಹತ್ತಬೇಕು, ಯಾವ ಹಾಡು ಬೇಕು ಎಲ್ಲ ನಿಮ್ಮ ಅಣ್ಣನ ಕೈಯಲ್ಲಿ. ಅಪ್ಪನಿಗೆ ಮಜ್ಜಿಗೆಯೋ ಬೊಂಡದ ನೀರೋ ತಕೊಳ್ಳಿ, ಅಲ್ಲಿ ಇಂಡಿಯನ್ ಅಂಗಡಿಯಲ್ಲಿ ಎಲ್ಲ ಸಿಗ್ತದೆ, ಅದಕ್ಕೂ ಐಸ್ ಪೆಟ್ಟಿಗೆಯಲ್ಲಿ ಜಾಗ ಇಟ್ಕೊಳ್ಳಿ.

ಯಾರೂ ಮೊದಲೇ ಹೇಳದ ಒಂದು ಸಂಗತಿ, ಟಾಯ್ಲೆಟ್. ಇಂಥ ಎಷ್ಟೋ ಬೋಟಲ್ಲಿ ಇರುವುದೇ ಇಲ್ಲ. ಬಿಯರ್ ಕುಡಿಯುವವರಿಗೂ ಶುಗರ್ ಇರುವ ನಮ್ಮಂಥವರಿಗೂ ಒಂದೂವರೆ ಎರಡು ಗಂಟೆ ಅಂದ್ರೆ ಜಾಸ್ತಿಯೇ. ನಡುವೆ ಎಲ್ಲಾದ್ರೂ ದಡಕ್ಕೆ ನಿಲ್ಲಿಸ್ತಾರಾ ಅಂತ ಕೇಳಿಯೇ ಬುಕ್ ಮಾಡಿ. ನಿಲ್ಲಿಸುವುದಿಲ್ಲ ಅಂದ್ರೆ ಅಪ್ಪ ಅಮ್ಮನ ಜೊತೆ ಒಂದು ಗಂಟೆಯ ಟ್ರಿಪ್ಪೇ ಸಾಕು. ಮತ್ತೆ ಜೂನ್ ಆದ್ರೂ ಸರೋವರದ ಗಾಳಿ ತಣ್ಣಗೆ, ಅಮ್ಮನಿಗೆ ಒಂದು ಸ್ವೆಟರ್ ಬೇಕೇ ಬೇಕು.

ನೀಲೇಶ್ವರ ಕಡವು:

ನಾನು ಕೋಟ್ಟಪ್ಪುರಂ ಕಡೆ ಹೌಸ್‌ಬೋಟ್ ಕೆಲಸದಲ್ಲಿ ಇರುವವ, ಚಂದ್ರಗಿರಿ ಪ್ರಶ್ನೆಗೆ ನಾನು ಹೇಳ್ತೇನೆ. ಪೆಡಲ್ ಬೋಟ್ ಬೇಕಾದ್ರೆ ಬರ್ಲಿ, ಅದ್ರಲ್ಲಿ ಡ್ರಿಂಕ್ಸ್ ಮಾತ್ರ ಈಗಿನ ಕಾನೂನಲ್ಲಿ ಆಗುವ ಕೆಲಸ ಅಲ್ಲ. ಕೇರಳದಲ್ಲಿ ಸಾರ್ವಜನಿಕ ಜಾಗದಲ್ಲಿ ಕುಡಿಯುವುದು ಅಬ್ಕಾರಿ ಕಾಯ್ದೆ ಪ್ರಕಾರ ಅಪರಾಧ, ಕುಡಿಯುವ ವಯಸ್ಸು ಬೇರೆ ಇಲ್ಲಿ 23. ಹೊಳೆಯೂ ಬೇರೆ ಥರದ್ದು. ಮಿಲ್ವಾಕಿಯದ್ದು ಎರಡೂ ಬದಿ ಗೋಡೆ ಕಟ್ಟಿದ, ಅಲೆ ಇಲ್ಲದ ನೀರು. ಚಂದ್ರಗಿರಿ ಕೊಡಗಿನ ಬೆಟ್ಟದಿಂದ ಇಳಿದು ಬರುವುದು, ಚಂದ್ರಗಿರಿ ಕೋಟೆಯ ಕೆಳಗೆ ಅಗಲ ಆಗಿ ತಳಂಗರೆಯಲ್ಲಿ ಸಮುದ್ರ ಸೇರ್ತದೆ, ಇಳಿತದ ಹೊತ್ತಿಗೆ ಅಳಿವೆ ಕಡೆ ಎಳೆಯುವ ಸೆಳೆತ ಕಾಲಲ್ಲಿ ತುಳಿಯುವ ಬೋಟಿಗೆ ತಡಿಯುವುದಿಲ್ಲ. ಜೂನಲ್ಲಿ ಅಂತೂ ಕೆಂಪು ನೀರು, ಮರದ ಬೊಡ್ಡೆ ಎಲ್ಲ ತೇಲಿ ಬರ್ತದೆ. ತುಳಿಯುವ ಬೋಟೇ ಬೇಕಾದ್ರೆ ವಲಿಯಪರಂಬ ಹಿನ್ನೀರು ವಾಸಿ, ಅದೂ ಮಳೆಗಾಲ ಮುಗಿದ ಮೇಲೆ, ಕುಡಿತ ಇಲ್ಲದೆ.

ಇನ್ನೊಂದು ಮಾತು, ಇದು ಅಮೆರಿಕದ ಬೋಟಿಗೂ ಸೇರಿ. ಮೇ 7, 2023ಕ್ಕೆ ಮಲಪ್ಪುರಂ ಜಿಲ್ಲೆಯ ತಾನೂರಲ್ಲಿ ಬೋಟ್ ಮಗುಚಿ 22 ಜನ ಹೋದ್ರು, ಅದ್ರಲ್ಲಿ ಮಕ್ಕಳೇ ಹೆಚ್ಚು. ಮೀನಿನ ಬೋಟನ್ನು ಟೂರಿಸ್ಟ್ ಬೋಟ್ ಮಾಡಿದ್ದು, ಹಿಡಿಯುವುದಕ್ಕಿಂತ ಜಾಸ್ತಿ ಜನ, ಕತ್ತಲಾದ ಮೇಲೆ ಹೊರಟದ್ದು. ಅಲ್ಲಿ ಯಾರೂ ಕುಡಿದದ್ದರಿಂದ ಆದದ್ದಲ್ಲ. ಲೆಕ್ಕಕ್ಕಿಂತ ಜಾಸ್ತಿ ಜನ ಹತ್ತಿದ್ರೆ ಬೋಟ್ ಮೇಲ್‌ಭಾರ ಆಗ್ತದೆ, ಏನೋ ಕಂಡಿತು ಅಂತ ಎಲ್ಲರೂ ಒಂದೇ ಬದಿಗೆ ಓಡಿದ್ರೆ ಮುಗೀತು. ಹಾಗಾಗಿ ಕುಡಿಯುವುದರ ಬಗ್ಗೆ ಕೇಳುವ ಮೊದಲು ಆ ಬೋಟಿಗೆ ಎಷ್ಟು ಜನಕ್ಕೆ ಪರ್ಮಿಷನ್ ಉಂಟು ಅಂತ ಕೇಳಿ.

ಕುಂಬಳೆ ಟು ಚಿಕಾಗೋ:

ನೀಲೇಶ್ವರದವರು ಹೇಳಿದ್ದು ನೂರಕ್ಕೆ ನೂರು ಸರಿ, ಅದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ. ಇಲ್ಲಿ ಬೋಟಿನ ಕಾನೂನು ನೋಡುವುದು ಕೋಸ್ಟ್ ಗಾರ್ಡ್. ದುಡ್ಡು ತಕೊಂಡು ಕರ್ಕೊಂಡು ಹೋಗುವ ಸಣ್ಣ ಬೋಟಲ್ಲಿ 6 ಪ್ಯಾಸೆಂಜರ್‌ವರೆಗೆ ಲೈಸೆನ್ಸ್ ಇರುವ ಕ್ಯಾಪ್ಟನ್ ಇದ್ರೆ ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ಬೋಟನ್ನೇ ಕೋಸ್ಟ್ ಗಾರ್ಡ್ ಇನ್‌ಸ್ಪೆಕ್ಷನ್ ಮಾಡಿ ಸರ್ಟಿಫಿಕೇಟ್ ಕೊಟ್ಟಿರ್ಬೇಕು. ಎಷ್ಟು ಜನ ಹತ್ಬಹುದು ಅಂತ ಅದ್ರಲ್ಲೇ ಬರ್ದಿರ್ತದೆ, ಬೋಟಿನೊಳಗೆ ಕಾಣುವ ಹಾಗೆ ಅದನ್ನು ಹಾಕಿರ್ತಾರೆ, ಹತ್ತಿದ ಕೂಡ್ಲೆ ನೋಡ್ಬಹುದು.

ಕುಡಿಯುವ ವಿಷಯಕ್ಕೆ ಬಂದ್ರೆ, ಪ್ಯಾಸೆಂಜರ್ ಕುಡಿಯುವುದಕ್ಕೂ ನಡೆಸುವವ ಕುಡಿಯುವುದಕ್ಕೂ ಸಂಬಂಧ ಇಲ್ಲ. ಸ್ವಂತ ಮೋಜಿನ ಬೋಟ್ ನಡೆಸುವವನಿಗೆ ರಕ್ತದಲ್ಲಿ ಆಲ್ಕೋಹಾಲ್ ಮಿತಿ 0.08 ಪರ್ಸೆಂಟ್ ಆದ್ರೆ ಬಾಡಿಗೆ ಬೋಟಿನ ಕ್ಯಾಪ್ಟನ್‌ಗೆ 0.04 ಮಾತ್ರ, ಅಂದ್ರೆ ಅರ್ಧ. ತುಳಿಯುವವರ ಕೈಯಲ್ಲಿ ಸ್ಟೀರಿಂಗ್ ಇಲ್ಲ, ಬೋಟ್ ತಿರುಗಿಸುವುದು, ನಿಲ್ಲಿಸುವುದು ಎಲ್ಲ ಕ್ಯಾಪ್ಟನ್ ಕೆಲಸ. ತಂದದ್ದನ್ನೆಲ್ಲ ಹತ್ತಿಸಲಿಕ್ಕೂ ಬಿಡುವುದಿಲ್ಲ. ಗಾಜಿನ ಬಾಟಲಿಗೆ ಸಾಮಾನ್ಯವಾಗಿ ಅವಕಾಶ ಇಲ್ಲ, ಬಹಳ ಕಡೆ ಬಿಯರ್, ವೈನ್ ಮಾತ್ರ, ವಿಸ್ಕಿ ರಮ್ಮು ಬೇಡ ಅಂತಾರೆ. ಕುಡಿಯುವವರಿಗೆ ವಯಸ್ಸು 21 ಆಗಿರ್ಬೇಕು, ನೀವು ಪಾಸ್‌ಪೋರ್ಟ್ ತಕೊಂಡು ಹೋಗಿ.

ಪೆರ್ಲ ಮಾಸ್ಟ್ರು:

ನನ್ನ ಅಭಿಪ್ರಾಯ ಬೇರೆ. ಆರು ವರ್ಷದ ಒಂಬತ್ತು ವರ್ಷದ ಮಕ್ಕಳ ಎದುರು ನೀರಿನ ಮೇಲೆ ಕುಡಿತ ಬೇಕಾ? ಬೋಟ್ ಚಂದ, ತುಳಿಯುವುದು ಚಂದ, ಊರು ನೋಡುವುದು ಚಂದ, ಡ್ರಿಂಕ್ಸ್ ಇಲ್ಲದಿದ್ರೆ ಅದ್ರಲ್ಲಿ ಎಂತ ಕಡಿಮೆ ಆಗ್ತದೆ? ಮಕ್ಕಳು ಬೋಟಲ್ಲಿ ಒಂದು ಕಡೆ ಕೂರುವುದಿಲ್ಲ, ಅವರ ಮೇಲೆ ಕಣ್ಣಿಡುವವರು ಬೇಕು, ಕಣ್ಣಿಡುವವರ ಕೈಯಲ್ಲಿ ಗ್ಲಾಸ್ ಇರ್ಬಾರ್ದು.

ತಳಂಗರೆ ಅಕ್ಕ:

ಮಾಸ್ಟ್ರು ಹೇಳಿದ್ರಲ್ಲಿ ಕೊನೆ ಮಾತು ನನಗೂ ಒಪ್ಪಿಗೆ. ಆದ್ರೆ ಹುಟ್ಟುಹಬ್ಬದವನ ಫ್ರೆಂಡ್ಸಿಗೆ ಒಂದೊಂದು ಬಿಯರ್ ಬೇಡ ಅನ್ನುವುದು ಕಷ್ಟ, ಅದು ಅವರ ಊರಿನ ಕ್ರಮ. ಮಕ್ಕಳನ್ನು ನೋಡ್ಲಿಕ್ಕೆ ಕುಡಿಯದ ಇಬ್ಬರನ್ನು ಮೊದಲೇ ಹೇಳಿ ಇಡಿ, ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬರು.

ಬದಿಯಡ್ಕದವ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿಮ್ಮ ಉತ್ತರ ಎಲ್ಲ ಅಣ್ಣನಿಗೆ ಓದಿ ಹೇಳಿದೆ, ಅವ ಫೋನ್ ಮಾಡಿ ಕೇಳಿದ. ಅವ ಮೊದಲು ನೋಡಿಟ್ಟ ಕಂಪೆನಿಯವರ ಎಗ್ರಿಮೆಂಟಲ್ಲಿ 'ಬೇರ್‌ಬೋಟ್ ಚಾರ್ಟರ್' ಅಂತ ಉಂಟಂತೆ, ಕ್ಯಾಪ್ಟನ್‌ಗೆ ಬೇರೆಯೇ ದುಡ್ಡು ಕೊಡ್ಬೇಕಂತೆ. ಇದು ಎಂತ? ಮಕ್ಕಳನ್ನು ಲೆಕ್ಕಕ್ಕೆ ಸೇರಿಸ್ಬೇಕಾ?

ಕುಂಬಳೆ ಟು ಚಿಕಾಗೋ:

ಕೇಳಿದ್ದು ಒಳ್ಳೇದಾಯ್ತು. ಬೇರ್‌ಬೋಟ್ ಅಂದ್ರೆ ನೀವು ಟಿಕೆಟ್ ತಕೊಂಡ ಪ್ಯಾಸೆಂಜರ್ ಅಲ್ಲ, ಅಷ್ಟು ಹೊತ್ತಿಗೆ ಬೋಟನ್ನೇ ಬಾಡಿಗೆಗೆ ತಕೊಂಡವರು. ಕ್ಯಾಪ್ಟನ್ ಯಾರು ಅಂತ ಆರಿಸುವ ಹಕ್ಕು ಅಣ್ಣನಿಗೆ ಇರ್ಬೇಕು, ಅವರಿಗೆ ದುಡ್ಡು ಕೊಡುವುದೂ ಅವನೇ, ಜವಾಬ್ದಾರಿಯೂ ಅವನ ಮೇಲೆ ಬರ್ತದೆ. ಕಾನೂನುಬದ್ಧವೇ, ತಪ್ಪೇನಿಲ್ಲ, ಆದ್ರೆ ಇನ್‌ಸ್ಪೆಕ್ಷನ್ ಆಗದ ಬೋಟಲ್ಲಿ ಈ ಥರ 12 ಪ್ಯಾಸೆಂಜರ್‌ಗಿಂತ ಜಾಸ್ತಿ ಕೂಡದು. ಮಕ್ಕಳೂ ಲೆಕ್ಕಕ್ಕೆ ಸೇರ್ತಾರೆ, ಮಡಿಲಲ್ಲಿ ಕೂರಿಸ್ತೇವೆ ಅಂದ್ರೆ ಆಗುವುದಿಲ್ಲ. ಹದಿನೈದು ಜನಕ್ಕೆ ಅದು ಬೇಡವೇ ಬೇಡ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹುಟ್ಟುಹಬ್ಬದವನ ಹೆಸರಲ್ಲೇ ಕಾಗದ ಇರುವುದು. ನಿಮ್ಮಷ್ಟು ಜನಕ್ಕೆ ಸರ್ಟಿಫಿಕೇಟ್ ಇರುವ ಬೋಟ್ ಹುಡುಕ್ಲಿ, ಸಿಗದಿದ್ರೆ ಎರಡು ಬೋಟ್ ಮಾಡಿ ಪಕ್ಕ ಪಕ್ಕ ಹೋಗಿ.

ಬದಿಯಡ್ಕದವ:

ಸಿಕ್ಕಿತು! ಬೇರೆ ಒಂದು ಬೋಟ್, ಹದಿನಾರು ಜನರಿಗೆ ಸರ್ಟಿಫಿಕೇಟ್ ಉಂಟು, ಹಿಂದೆ ಬೆಂಚ್ ಉಂಟು, ನಡುವೆ ಒಂದು ಕಡೆ ಟಾಯ್ಲೆಟ್‌ಗೆ ನಿಲ್ಲಿಸ್ತಾರೆ. ಪ್ರೈವೇಟ್ ಟ್ರಿಪ್ ಆದ ಕಾರಣ ಮಕ್ಕಳೂ ಬರ್ಬಹುದು ಅಂದ್ರಂತೆ. ಮಕ್ಕಳನ್ನು ನಾನೂ ನನ್ನ ಹೆಂಡತಿಯೂ ನೋಡಿಕೊಳ್ಳುವುದು ಅಂತ ಮಾಡಿದ್ದೇವೆ, ನಾವಿಬ್ಬರೂ ಕುಡಿಯುವುದಿಲ್ಲ. ಅಪ್ಪನಿಗೆ ಹೇಳಿದ್ರೆ, ನಾನು ತುಳಿಯುವ ಸೀಟಲ್ಲೇ ಕೂರುವುದು ಅಂತ ಈಗಲೇ ಹಠ. ಕೊನೆಗೆ ಎರಡು ಪ್ರಶ್ನೆ, ಸಂಜೆ ಎಷ್ಟು ಗಂಟೆಯದ್ದು ತಕೊಳ್ಳುವುದು ಒಳ್ಳೇದು, ಟಿಪ್ಸ್ ಎಷ್ಟು ಕೊಡ್ಬೇಕು?

ಕುಂಬಳೆ ಟು ಚಿಕಾಗೋ:

ಜೂನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಗೆ. ಆರು ಗಂಟೆಯದ್ದು ತಕೊಳ್ಳಿ, ಬಿಸಿಲು ಇಳಿದಿರ್ತದೆ, ಬೆಳಕಿರುವಾಗಲೇ ದಡಕ್ಕೆ ಬರ್ಬಹುದು. ಟಿಪ್ಸ್ ಒಟ್ಟು ಬಾಡಿಗೆಯ 15ರಿಂದ 20 ಪರ್ಸೆಂಟ್ ಕೊಡುವ ಕ್ರಮ, ಕ್ಯಾಶ್ ಇಟ್ಕೊಳ್ಳಿ. ಅಪ್ಪನಿಗೆ ಪಂಚೆ ಬೇಡ, ಪ್ಯಾಂಟ್ ಹಾಕಿಸಿ, ಪೆಡಲಿಗೆ ಸಿಕ್ಕಿಕೊಳ್ತದೆ.

ನೀಲೇಶ್ವರ ಕಡವು:

ಲೈಫ್ ಜಾಕೆಟ್ ಮರೀಬೇಡಿ. ಎಲ್ಲರಿಗೂ ಒಂದೊಂದು ಬೋಟಲ್ಲಿ ಇರ್ಲೇಬೇಕು, ದೊಡ್ಡವರು ಹಾಕ್ಲೇಬೇಕು ಅಂತ ಹೇಳದಿದ್ರೂ ಮಕ್ಕಳಿಗೆ ದಡದಲ್ಲೇ ಹಾಕಿಸಿ, ಮಕ್ಕಳ ಅಳತೆಯದ್ದೇ ಆಗ್ಬೇಕು. ಬಕಲ್ ಹಾಕಿದ ಮೇಲೆ ಹೆಗಲ ಹತ್ರ ಹಿಡಿದು ಮೇಲೆ ಎಳೆದು ನೋಡಿ, ಕಿವಿವರೆಗೆ ಬಂದ್ರೆ ಅದು ಸಡಿಲ, ಬೇರೆ ಕೇಳಿ.